ಬ್ಲೂಬೆರಿನಾ ಹಕಲ್‌ಬೆರಿನಾ? ಎಲೆ ತಿರುಗಿಸಿ ನೋಡಿ

ಇಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜುಲೈ ಕೊನೇಲಿ ಓಕ್ ಕಾಡಿನ ದಿಣ್ಣೆ ಹತ್ತಿದ್ರೆ ದಾರಿ ಎರಡೂ ಕಡೆ ಪೊದೆ ತುಂಬ ನೀಲಿ, ಕಪ್ಪು ಹಣ್ಣು. ಮೊದಲನೇ ವರ್ಷ ನಾನು ಎಲ್ಲಾನೂ ಬ್ಲೂಬೆರಿ ಅಂತ ಒಂದೇ ಡಬ್ಬಿಗೆ ಹಾಕ್ಕೊಂಡು ಬಂದೆ, ಮನೇಲಿ ತಿಂದ್ರೆ ಕೆಲವು ಬಾಯಲ್ಲಿ ಹಾಗೇ ಕರಗಿದ್ವು, ಕೆಲವು ಮಾತ್ರ ಸೀಬೆಹಣ್ಣಿನ ಬೀಜದ ತರ ಹಲ್ಲಿಗೆ ಕಟುಕ್ ಅಂತ ಸಿಕ್ಕಿದ್ವು.

ಆ ಗಟ್ಟಿ ಬೀಜದ್ದು ಕಪ್ಪು ಹಕಲ್‌ಬೆರಿ, ಒಂದು ಹಣ್ಣಲ್ಲಿ 10 ಬೀಜ. ರುಚಿ ಕೆಟ್ಟದ್ದೇನಲ್ಲ, ಆದ್ರೆ ಬೀಜ ಹಿಡಿಸಲ್ಲ. ಹಣ್ಣು ನೋಡಿ ಬೇರೆ ಮಾಡೋಕೆ ಹೋಗ್ಬೇಡಿ, ಎರಡಕ್ಕೂ ತುದೀಲಿ ಐದು ಮೂಲೆ ಕಿರೀಟ ಇದೆ. ಎಲೆ ತಿರುಗಿಸಿ ಹಿಂಭಾಗ ಬಿಸಿಲಿಗೆ ಹಿಡೀರಿ, ಹಳದಿ ಚುಕ್ಕಿ ಮಿಣಮಿಣ ಅಂದ್ರೆ ಹಕಲ್‌ಬೆರಿ. ಅದು ಅಂಟು, ಎಳೆ ಎಲೇನ ಬಿಳಿ ಪೇಪರ್ ಮೇಲೆ ಉಜ್ಜಿದ್ರೆ ಹಳದಿ ಕಲೆ ಬೀಳತ್ತೆ. ಬ್ಲೂಬೆರಿಲಿ ಅದಿಲ್ಲ.

ನಿಜವಾದ ಕಷ್ಟ ಬ್ಲೂಬೆರಿ ಬ್ಲೂಬೆರಿ ನಡುವೆನೇ. ನ್ಯೂ ಹ್ಯಾಂಪ್‌ಶೈರ್ ಬೆಟ್ಟಗಳಲ್ಲಿ ಲೋಬುಷ್, ವೆಲ್ವೆಟ್‌ಲೀಫ್ ಅಂತ ಎರಡು ಜಾತಿ ಬ್ಲೂಬೆರಿ ಸಿಗ್ತವೆ, ಎರಡೂ ಮೊಣಕಾಲು ದಾಟಲ್ಲ, ದೂರದಿಂದ ಒಂದೇ. ಕೈಯಾಡಿಸಿದ್ರೆ ತಿಳಿಯತ್ತೆ: ಲೋಬುಷ್ ಎಲೆ ಎರಡೂ ಕಡೆ ನುಣುಪು, ಅಂಚಲ್ಲಿ ಸಣ್ಣ ಸಣ್ಣ ಗರಗಸದ ಹಲ್ಲು; ವೆಲ್ವೆಟ್‌ಲೀಫ್‌ಗೆ ಅಂಚಲ್ಲಿ ಹಲ್ಲಿಲ್ಲ, ಎಲೆ ಕೆಳಗೆ ಮತ್ತು ಎಳೆ ಕಡ್ಡಿ ಮೇಲೆ ಮೆತ್ತನೆ ರೋಮ, ಕರುವಿನ ಕಿವಿ ಸವರಿದ ಹಾಗೆ. ನಾನು ತಿಂದಿದ್ರಲ್ಲಿ ವೆಲ್ವೆಟ್‌ಲೀಫ್ ಹುಳಿ ಜಾಸ್ತಿ, ಬೆಲ್ಲ ಹಾಕಿ ಗೊಜ್ಜು ಮಾಡೋಕೆ ಅದೇ ಸರಿ, ಹಾಗೇ ತಿನ್ನೋಕೆ ಲೋಬುಷ್.

ಹೈಬುಷ್ ಅನ್ನೋ ಇನ್ನೊಂದು ಜಾತಿ ಬ್ಲೂಬೆರಿ ಗುರುತು ಸುಲಭ, ಜೌಗು ಅಂಚಲ್ಲಿ ಆಳೆತ್ತರ ಮೀರಿ ಬೆಳೆಯತ್ತೆ, ನಿಂತೇ ಕೀಳಬಹುದು, ಬೆನ್ನು ನೋಯಲ್ಲ. ಅಂಗಡಿ ಬ್ಲೂಬೆರಿ ಬಂದಿದ್ದು ಹೆಚ್ಚಾಗಿ ಇದರಿಂದಾನೇ, ನ್ಯೂಜೆರ್ಸಿಲಿ ರೈತ ಮಹಿಳೆ ಎಲಿಜಬೆತ್ ವೈಟ್, ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಇಬ್ಬರೂ ಸೇರಿ ಕಾಡಿನ ಒಳ್ಳೊಳ್ಳೆ ಗಿಡ ಆರಿಸಿ ಬೆಳೆಸಿ 1916ರಲ್ಲಿ ಮೊದಲ ಫಸಲು ಮಾರಿದ್ರು. ಕಾಡಲ್ಲಿ ಮಾತ್ರ ಒಂದು ಪೊದೆ ಸಿಹಿ, ಪಕ್ಕದ್ದು ಸಪ್ಪೆ, ರುಚಿ ನೋಡ್ತಾ ಹೋಗ್ಬೇಕು.

ಇನ್ನೊಂದು ವಿಷ್ಯ, ಲೋಬುಷ್‌ನಲ್ಲೇ ಮೇಲಿನ ಬಿಳಿ ಬೂದಿ ಇಲ್ಲದೆ ಕರ್ರಗೆ ಹೊಳೆಯೋ ಹಣ್ಣಿನ ಗಿಡಗಳೂ ಇರ್ತವೆ, ಥೇಟ್ ಹಕಲ್‌ಬೆರಿ ಅನ್ಸತ್ತೆ. ಎರಡು ವರ್ಷ ಹಕಲ್‌ಬೆರಿ ಅಂದ್ಕೊಂಡು ಬಿಟ್ಟು ಬಂದಿದ್ದೆ, ಮೂರನೇ ವರ್ಷ ಎಲೆ ತಿರುಗಿಸಿದೆ, ಚುಕ್ಕಿ ಇಲ್ಲ. ಈಗ ಬೆಟ್ಟ ಹತ್ತಿದ್ರೆ ಮೊದಲು ಹುಡುಕೋದೇ ಆ ಕರೀದನ್ನ.