ಕಾಫಿ ತೋಟದ ಮನೆಗೆ 12 ಬೋರ್ ಜೋಡು ನಳಿಗೆ ಕೋವಿ: ಹಲವು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕೊಡಗಿನ ತೋಟದ ಮನೆಗೆ ಒಂದೇ ಕೋವಿ ಸಾಕು, ಬೆಲೆಯೂ ಕೈಗೆಟುಕಬೇಕು ಅನ್ನುವವರಿಗೆ ದೇಶದಲ್ಲೇ ತಯಾರಾದ 12 ಬೋರ್ ಜೋಡು ನಳಿಗೆ ಕೋವಿಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಹಬ್ಬಕ್ಕೂ ಅದೇ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗೂ ಅದೇ, ರಾತ್ರಿ ಗದ್ದೆ ಕಾಯಲು ಹೋಗುವಾಗಲೂ ಅದೇ. ಆದರೆ ಅಂಗಡಿಯಿಂದ ತಂದ ದಿನ ಅದು ಅರ್ಧ ಕೋವಿ. ನಿಮ್ಮ ಹೆಗಲಿಗೆ ಹೊಂದಿಸಿಕೊಂಡು, ಯಾವ ತೋಟೆ (ಕಾರ್ಟ್ರಿಜ್) ಹಾಕಿದರೆ ಅದರೊಳಗಿನ ಸಣ್ಣ ಗುಂಡು, ಅಂದರೆ ಚರೆ, ಹೇಗೆ ಹರಡುತ್ತದೆ ಅಂತ ನೋಡಿಕೊಂಡ ಮೇಲೆಯೇ ಅದು ಪೂರ್ತಿಯಾಗುವುದು. ದುಬಾರಿ ಹೆಸರಿಗೆ ಸುರಿಯುವ ದುಡ್ಡಿನಲ್ಲಿ ಕಾಲು ಭಾಗವನ್ನು ಈ ಕೆಲಸಕ್ಕೆ ಇಡಿ ಅನ್ನುವುದೇ ನನ್ನ ಮಾತು.

ನನ್ನ ಕೋವಿಯ ತಯಾರಕರ ಹೆಸರು ಇಲ್ಲಿ ಬೇಡ. ನಾನು ಹೇಳುವ ಗುಣ, ಕೊರತೆ ಎರಡೂ ಈ ದರ್ಜೆಯ ಬಹುತೇಕ ಕೋವಿಗಳಲ್ಲಿ ಸಿಗುತ್ತವೆ. ಪಕ್ಕಪಕ್ಕದ ಎರಡು ನಳಿಗೆ, ಎರಡು ಟ್ರಿಗರ್, ಮರದ ಹಿಡಿ, ಮೂರು ಕೆಜಿ ಚಿಲ್ಲರೆ ತೂಕ. ಮುಂದಿನ ಟ್ರಿಗರ್ ಎಳೆದರೆ ಬಲ ನಳಿಗೆ, ಹಿಂದಿನದು ಎಳೆದರೆ ಎಡ ನಳಿಗೆ. ಸಾಮಾನ್ಯವಾಗಿ ಬಲ ನಳಿಗೆಯ ಬಾಯಿ ಸ್ವಲ್ಪ ಸಡಿಲ, ಎಡದ್ದು ಬಿಗಿ. ಹತ್ತಿರಕ್ಕೊಂದು, ದೂರಕ್ಕೊಂದು. ಯಾವ ಗುಂಡಿ ತಿರುಗಿಸುವುದೂ ಬೇಡ, ಬೆರಳು ಒಂದಿಂಚು ಹಿಂದೆ ಸರಿದರೆ ಸಾಕು.

ಕೋವಿ ಕೊಳ್ಳುವಾಗ ನಾನು ಬೇರೆಯವನ್ನೂ ನೋಡಿದ್ದೆ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ ಅಜ್ಜನ ಕಾಲಕ್ಕೆ ಚೆಂದ. ಜುಲೈ ತಿಂಗಳ ಮಳೆಯಲ್ಲಿ ಮದ್ದು ಒಣಗಿಸಿಕೊಂಡು ಕೂರಲು ಈಗ ಯಾರಿಗೂ ಆಗಲ್ಲ. ಒಂಟಿ ನಳಿಗೆ ತೋಟೆ ಕೋವಿ ಎಲ್ಲಕ್ಕಿಂತ ಅಗ್ಗ, ಹಗುರ. ಬರೀ ಹಬ್ಬಕ್ಕೆ ಒಂದು ಈಡು ಹೊಡೆಯುವವರಿಗೆ ಧಾರಾಳ ಸಾಕು. ಆದರೆ ಹಗುರವಾದ್ದರಿಂದ ಹೆಗಲಿಗೆ ಒದೆತ ಜಾಸ್ತಿ. ಮುಂದಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟೆ ಏರಿಸುವ ಪಂಪ್ ಆಕ್ಷನ್‌ನಲ್ಲಿ ತೋಟೆ ಹೆಚ್ಚು ಹಿಡಿಸುತ್ತವೆ, ನಿಜ. ಆದರೆ ಬಿಡಿಭಾಗ ಜಾಸ್ತಿ, ತೇವಕ್ಕೆ ಸಿಕ್ಕರೆ ಬಿಚ್ಚಿ ಒರೆಸುವ ಕೆಲಸವೂ ಜಾಸ್ತಿ. ಒಳಗೆ ತೋಟೆ ಇದೆಯಾ ಇಲ್ಲವಾ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ಜೋಡು ನಳಿಗೆಯನ್ನು ಮಡಚಿದರೆ ಎರಡು ತೂತೂ ಕಣ್ಣೆದುರು ಇರುತ್ತವೆ, ಎದುರಿಗೆ ನಿಂತವನಿಗೂ ಗೊತ್ತಾಗುತ್ತದೆ. ಮನೆ ತುಂಬ ಜನ ಇರುವ ಕಡೆ ಇದು ಸಣ್ಣ ವಿಷಯ ಅಲ್ಲ. ಇನ್ನು ಇಂಗ್ಲೆಂಡಿನ ಹಳೇ ಕೋವಿಗಳು. 80ರ ದಶಕದ ಮಧ್ಯದಿಂದ ಆಮದು ಹೆಚ್ಚುಕಡಿಮೆ ನಿಂತಿರುವುದರಿಂದ ಅವುಗಳ ಬೆಲೆ ಗುಣಕ್ಕಿಂತ ತುಂಬಾ ಮೇಲೆ ಕೂತಿದೆ. ದೇಶೀಯದಲ್ಲಿ ಪಶ್ಚಿಮ ಬಂಗಾಳದ ಇಚ್ಛಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ ಕೋವಿಗಳು ಬಹಳ ಕಡೆ ಕಾಣಸಿಗುತ್ತವೆ. ಜಮ್ಮು, ಮುಂಗೇರ್ ಕಡೆಯ ಖಾಸಗಿ ತಯಾರಕರವೂ ಇವೆ.

ಕಾಯ್ದೆಯ ಮಾತು ಚುಟುಕಾಗಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ 1861ರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಉಳಿದವರು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಪಡೆಯಲೇಬೇಕು. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಲೈಸೆನ್ಸಿಗೆ ಎರಡೇ ಕೋವಿ, ಅವಧಿ ಐದು ವರ್ಷ. ಶಿಕಾರಿಗೆ ಅಂತ ಕೋವಿ ಹುಡುಕುವವರಿಗೆ ನೇರವಾಗಿ ಹೇಳುತ್ತೇನೆ: 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿದೆ. ಬೆಳೆ ಹಾಳು ಮಾಡುವ ಪ್ರಾಣಿಯಾದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಗುಂಡು ಹಾರಿಸುವಂತಿಲ್ಲ. ನನ್ನ ಕೋವಿ ಗದ್ದೆಯಲ್ಲಿ ಮಾಡಿದ್ದು ಬರೀ ಸದ್ದು. ಭತ್ತ ಹಾಲುಗಟ್ಟುವ ಹೊತ್ತಿಗೆ ನುಗ್ಗುವ ಹಂದಿ ಹಿಂಡು ಆ ಸದ್ದಿಗೆ ಅವತ್ತಿನ ರಾತ್ರಿ ಮಟ್ಟಿಗೆ ದೂರ ಹೋಗುತ್ತದೆ. ಆನೆ ಬಂದರೆ ಕೋವಿ ಮುಟ್ಟಬೇಡಿ, ಇಲಾಖೆಗೆ ಫೋನ್ ಮಾಡಿ, ಮನೆಯೊಳಗೆ ಇರಿ.

ಈಗ ಹೆಗಲಿನ ವಿಷಯ. ಅಗ್ಗದ ಕೋವಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುತ್ತದೆ. ಹಿಡಿ ಉದ್ದವಾದರೆ ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಅಂಗಡಿಯಲ್ಲಿ ಖಾಲಿ ಕೋವಿ ಹಿಡಿದು, ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಆಮೇಲೆ ಕಣ್ಣು ಬಿಡಿ. ತುದಿಯ ಮಣಿ ಎರಡು ನಳಿಗೆಯ ನಡುವಿನ ಪಟ್ಟಿಯ ಮೇಲೆ ನೇರ ಕೂತಿದ್ದರೆ ಸರಿ. ಪಟ್ಟಿ ಪೂರ್ತಿ ಕಂಡರೆ ನೀವು ಮೇಲಕ್ಕೆ ಹೊಡೆಯುತ್ತೀರಿ, ಮಣಿಯೇ ಕಾಣದಿದ್ದರೆ ಕೆಳಕ್ಕೆ. ನನ್ನದು ಉದ್ದವಿತ್ತು. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹಿಡಿಯ ಬುಡ ಸ್ವಲ್ಪ ಕೊಯ್ಯಿಸಿ ರಬ್ಬರ್ ಪ್ಯಾಡ್ ಹಾಕಿಸಿದೆ. ಖರ್ಚು ಏನೂ ದೊಡ್ಡದಲ್ಲ. ಬದಲಾವಣೆ ಮಾತ್ರ ಹೊಸ ಕೋವಿ ಕೊಂಡಷ್ಟು ಆಯಿತು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ತೆಂಗಿನಕಾಯಿ ಹೊಡೆಯುವವರು ಇದನ್ನು ಮಾಡಿಸದೆ ಚೋಕ್ (ನಳಿಗೆಯ ಬಾಯಿಯ ಬಿಗಿ), ಬ್ರ್ಯಾಂಡ್ ಅಂತ ವಾದ ಮಾಡುವುದು ನೋಡಿದರೆ ನನಗೆ ಬೇಸರವಾಗುತ್ತದೆ.

ಎರಡನೆಯದು ಚರೆಯ ಹರವು. ಹಿಂದೆ ಎತ್ತರದ ಮಣ್ಣಿನ ಬರೆ ಇರುವ ಜಾಗ ನೋಡಿ, ದೊಡ್ಡ ಕಂದು ಹಾಳೆ ಕಟ್ಟಿ, 40 ಗಜದಿಂದ ಒಂದೊಂದು ನಳಿಗೆಯಲ್ಲೂ ಹೊಡೆದು ನೋಡಿ. ಆಮೇಲೆ ತೂತು ದಟ್ಟವಾಗಿರುವ ಕಡೆ 30 ಇಂಚು ಅಗಲದ ವೃತ್ತ ಎಳೆದು ಒಳಗಿನವನ್ನು ಎಣಿಸಿ. ಬಿಗಿ ಬಾಯಿಯ ಫುಲ್ ಚೋಕ್ ಆದರೆ ನೂರರಲ್ಲಿ ಸುಮಾರು 70 ಚರೆ ಒಳಗಿರಬೇಕು, ಚೋಕ್ ಇಲ್ಲದ ನೇರ ನಳಿಗೆಯಾದರೆ ಸುಮಾರು 40. ನನ್ನ ಎಡ ನಳಿಗೆ 4ನೇ ನಂಬರ್ ಚರೆಗೆ ಚೆನ್ನಾಗಿ ತುಂಬಿ ಬಂತು. ಅದೇ ನಳಿಗೆಯಲ್ಲಿ ಅದಕ್ಕಿಂತ ದಪ್ಪ ಚರೆಯ ಬಿ.ಬಿ. ಹಾಕಿದರೆ ಹಾಳೆಯ ಎಡಮೇಲ್ಭಾಗದಲ್ಲಿ ಅಂಗೈಯಗಲ ಜಾಗ ಖಾಲಿಯಾಗಿ ಉಳಿಯಿತು, ಒಂದು ಚರೆಯೂ ಇಲ್ಲ. ತೆಂಗಿನಕಾಯಿ ಆ ಜಾಗದಲ್ಲಿದ್ದರೆ ಗುರಿ ಎಷ್ಟು ಸರಿಯಿದ್ದರೂ ಕಾಯಿ ಅಲ್ಲೇ ತೂಗುತ್ತಿರುತ್ತದೆ. ಕೋವಿ ಕೆಟ್ಟದ್ದು ಅಂತಲ್ಲ. ಪ್ರತಿ ನಳಿಗೆಗೂ ಅದರದ್ದೇ ಇಷ್ಟ ಇರುತ್ತದೆ, ಅದು ಹಾಳೆಯಲ್ಲಿ ಮಾತ್ರ ಕಾಣುತ್ತದೆ.

ಚರೆಯ ಅಂದಾಜಿಗೆ ಹೇಳುವುದಾದರೆ, ನಮ್ಮಲ್ಲಿ ನಡೆಯುವ ಇಂಗ್ಲಿಷ್ ಲೆಕ್ಕದಲ್ಲಿ ಒಂದು ಔನ್ಸಿಗೆ ಎಲ್.ಜಿ. 6 ಗುಂಡು, ಎಸ್.ಜಿ. 8, ಬಿ.ಬಿ. 70, ನಂಬರ್ 4 ಆದರೆ 170, ನಂಬರ್ 6 ಆದರೆ 270. ನಂಬರ್ ದೊಡ್ಡದಾದಷ್ಟೂ ಚರೆ ಸಣ್ಣದು. ತೋಟೆಯ ಉದ್ದ ಇದಕ್ಕಿಂತ ಮುಖ್ಯ. ಈಗ ಸಿಗುವುದು ಹೆಚ್ಚಾಗಿ 70 ಮಿ.ಮೀ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ 65 ಮಿ.ಮೀ.ಗೆ ಮಾಡಿದಂಥವು. 70ರ ತೋಟೆ ಅದರಲ್ಲಿ ಸಲೀಸಾಗಿ ಕೂರುತ್ತದೆ, ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ವಿಪರೀತ ಏರುತ್ತದೆ. ನಳಿಗೆಯ ಅಡಿಯಲ್ಲಿ ಕೊರೆದ ಅಳತೆ ಓದದೆ ಯಾರ ಕೋವಿಗೂ ತೋಟೆ ತುಂಬಬೇಡಿ.

ಕೊರತೆಗಳೂ ಇವೆ. ಟ್ರಿಗರ್ ಗಟ್ಟಿ. ಎಳೆಯುವಷ್ಟರಲ್ಲಿ ಗುರಿ ಅಲುಗಾಡುತ್ತದೆ. ರಿಪೇರಿಯವರು ಸ್ವಲ್ಪ ಹದ ಮಾಡಿಕೊಟ್ಟರು, ಪೂರ್ತಿ ಹೋಗಲಿಲ್ಲ. ಸೇಫ್ಟಿ ಗುಂಡಿ ಮೊದಮೊದಲು ಒದ್ದೆ ಬೆರಳಿಗೆ ಸರಿಯುತ್ತಲೇ ಇರಲಿಲ್ಲ. ಹಿಡಿಯ ಮರದ ಪಾಲಿಶ್ ಮೊದಲ ಮಳೆಗೇ ಮಂಕಾಯಿತು. ಮರಳು ಕಾಗದದಲ್ಲಿ ತಿಕ್ಕಿ ಅಗಸೆ ಎಣ್ಣೆ ಹಚ್ಚಿದ ಮೇಲೆ ಈಗ ಚೆನ್ನಾಗಿದೆ. ನಳಿಗೆ, ಅದನ್ನು ಕಚ್ಚಿ ಹಿಡಿಯುವ ಬೀಗದ ಭಾಗ ಮಾತ್ರ ಇವತ್ತಿಗೂ ಬಿಗಿಯಾಗಿವೆ. ನಳಿಗೆಯ ಅಡಿಯ ಮರದ ಮುಂಗಟ್ಟು ಬಿಚ್ಚಿ ಅಲುಗಾಡಿಸಿದರೂ ಸದ್ದಿಲ್ಲ.

ನಮ್ಮ ಕಡೆ ಕೋವಿಯ ಶತ್ರು ತೇವ. ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ನೀರು ಹೀರಿ ಉಕ್ಕಿಗೇ ದಾಟಿಸುತ್ತದೆ. ತೆಂಗಿನೆಣ್ಣೆ ಹಚ್ಚುವ ರೂಢಿ ಬಿಟ್ಟುಬಿಡಿ, ಅದು ಬೀಗದೊಳಗೆ ಅಂಟಾಗಿ ಕೂರುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ತೆಳುವಾಗಿ ಸಾಕು. ಕೈ ಬೆವರು ತಾಗಿದ ಕಡೆ ಅದೇ ದಿನ ಒರೆಸಿ, ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುವುದನ್ನು ನಾನು ನೋಡಿದ್ದೇನೆ. ಕಾಗದದ ಹಳೇ ತೋಟೆ ಮಳೆಗಾಲದಲ್ಲಿ ಊದಿಕೊಂಡು ನಳಿಗೆಗೆ ಹೋಗುವುದೇ ಇಲ್ಲ. ಪ್ಲಾಸ್ಟಿಕ್‌ನವೇ ವಾಸಿ, ಅವನ್ನೂ ಗಾಳಿಯಾಡದ ಡಬ್ಬದಲ್ಲಿ ಇಡಿ. ಇನ್ನೊಂದು, ಕುಂಬಾರ ಹುಳ. ತಿಂಗಳುಗಟ್ಟಲೆ ಮುಟ್ಟದೆ ನಿಲ್ಲಿಸಿದ ಕೋವಿಯ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಹಾಗೇ ಹೊಡೆದರೆ ನಳಿಗೆ ಸೀಳುತ್ತದೆ. ಕೈಲ್ ಪೊಳ್ದ್ ದಿನ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ (ಕೋವಿ ಹೂ) ತೆಗೆದು, ಕೋವಿ ಮಡಚಿ, ಎರಡೂ ನಳಿಗೆಯಲ್ಲಿ ಆ ಕಡೆಯ ಬೆಳಕು ದುಂಡಗೆ ಕಾಣುತ್ತದಾ ನೋಡಿ. ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ಈಡು ಹೊಡೆಯುವ ಮುಂಚೆಯೂ ಅಷ್ಟೇ.

ಚುನಾವಣೆ ಬಂದರೆ ಕೋವಿ ಠಾಣೆಗೆ ಕೊಡಬೇಕಾಗುತ್ತದೆ. ಒಂದು ಸಲ ಅಲ್ಲಿಂದ ವಾಪಸ್ ಬಂದಾಗ ನನ್ನ ಕೋವಿಯ ಪಟ್ಟಿಯುದ್ದಕ್ಕೂ ಕೆಂಪು ಪುಡಿ ಎದ್ದಿತ್ತು. ನೂರಾರು ಕೋವಿಗಳನ್ನು ಒಂದೇ ಕೋಣೆಯಲ್ಲಿ ಒರಗಿಸಿದರೆ ಆಗುವುದೇ ಹಾಗೆ. ಬೆಳೆ ಕಾಯುವ ಹೊತ್ತಿಗೆ ಕೋವಿಯೂ ಇಲ್ಲ, ಬಂದಾಗ ತುಕ್ಕು ಅಂದರೆ ರೈತನಿಗೆ ನೋವಾಗುವುದು ನ್ಯಾಯವೇ ಅಲ್ವಾ? ಈಗ ನಳಿಗೆಗೆ ದಪ್ಪಗೆ ಗ್ರೀಸ್ ಬಳಿದು, ಹತ್ತಿ ಬಟ್ಟೆ ಸುತ್ತಿ, ನಂಬರ್ ಬರೆಸಿದ ರಸೀದಿ ತೆಗೆದುಕೊಂಡೇ ಕೊಡುತ್ತೇನೆ. ನಿಜವಾದ ಅಗತ್ಯ ಇದ್ದರೆ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬಹುದು.

ಮನೆ ಕಾವಲಿಗೆ ಅಂತಲೇ ಕೊಳ್ಳುವವರಿಗೆ: ಗೇಟಿನ ದೀಪ, ಒಳ್ಳೆ ನಾಯಿ, ಗಟ್ಟಿ ಚಿಲಕ, ಇವು ಮೂರೂ ಕೋವಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಎಸ್.ಜಿ. ಗುಂಡು ಹಲಗೆ ಗೋಡೆ ದಾಟಿ ಆಚೆ ಕೋಣೆಗೆ ಹೋಗುತ್ತದೆ, ಅಲ್ಲಿ ಮಲಗಿರುವುದು ನಿಮ್ಮವರೇ. ಕೋವಿ ಒಂದು ಬೀರುವಿನಲ್ಲಿ, ತೋಟೆ ಇನ್ನೊಂದರಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಾಜಿಯೇ ಇಲ್ಲ.

ದುಡ್ಡು ಉಳಿಸಬೇಕು ಅಂದರೆ ಸೆಕೆಂಡ್ ಹ್ಯಾಂಡ್ ನೋಡಿ. ಊರು ಬಿಟ್ಟು ಬೆಂಗಳೂರು ಸೇರಿದ ಮಕ್ಕಳು ಅಪ್ಪನ ಕೋವಿ ಮಾರುವುದು ಈಗ ಸಾಮಾನ್ಯ. ಹಾಗಾಗಿ ಹೆಚ್ಚು ಓಡದ ಕೋವಿಗಳು ಸಿಗುತ್ತವೆ. ನಳಿಗೆ ಬಿಚ್ಚಿ, ಬುಡದ ಕೊಂಡಿಗೆ ಬೆರಳು ಹಾಕಿ ತೂಗುಬಿಟ್ಟು, ಉಗುರಿನಿಂದ ತಟ್ಟಿ. ಗಂಟೆಯ ಹಾಗೆ ನಾದ ಬಂದರೆ ಪಟ್ಟಿಯ ಬೆಸುಗೆ ಗಟ್ಟಿ, ಒಡಕು ಸದ್ದು ಬಂದರೆ ಬಿಟ್ಟುಬಿಡಿ. ಒಳಗೆ ಬೆಳಕಿಗೆ ಹಿಡಿದು ನೋಡಿದಾಗ ಕಪ್ಪು ಗುಳಿ ಕಂಡರೂ ಬೇಡ. ಮೇಲ್ಮೈಯಲ್ಲಿ ಸುರುಳಿ ಸುರುಳಿ ಗೆರೆ ಇರುವ ಡಮಾಸ್ಕಸ್ ನಳಿಗೆ ಎಷ್ಟೇ ಚೆಂದ ಕಂಡರೂ ಗೋಡೆಗೆ ಮಾತ್ರ, ಈಗಿನ ತೋಟೆಗೆ ಅಲ್ಲ. ಎಲ್ಲ ಸರಿ ಕಂಡರೂ ಮುಂಗಡ ಕೊಡುವ ಮುಂಚೆ ಕೋವಿಯ ಮೇಲಿನ ನಂಬರನ್ನೂ ಕಾಗದದ ನಂಬರನ್ನೂ ಅಕ್ಷರ ಅಕ್ಷರ ತಾಳೆ ನೋಡಿ. ಹೆಸರು ಬದಲಾವಣೆ ಆಗುವ ತನಕ ಕೋವಿ ಮಾರುವವರ ಮನೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇರಲಿ.