ಚಿತ್ರವಿಚಿತ್ರ ಡೋನಟ್ ಅಂಗಡಿಗೆ ಮಕ್ಕಳ ಜೊತೆ: ಯಾವ ರೀತಿ ಹೋದರೆ ಚೆನ್ನ?

ಕಣ್ಣು ಬಿಟ್ಟುಕೊಂಡು ನೋಡುವ ಡೋನಟ್, ಕೊಂಬು ಮೂಡಿದ ಡೋನಟ್, ಮೈತುಂಬ ಬಣ್ಣದ ಸಿರಿಯಲ್ ಅಂಟಿಸಿಕೊಂಡ ಡೋನಟ್, ಗೊಂಬೆಯ ಆಕಾರದಲ್ಲಿ ಕರಿದು ಹೊಟ್ಟೆಗೆ ಜ್ಯಾಮ್ ತುಂಬಿದ ಡೋನಟ್. ಇಂಥವನ್ನೇ ಮಾರುವ ಅಂಗಡಿಗೆ ಎಂಟು ವರ್ಷದ ಮಗಳು, ಐದು ವರ್ಷದ ಮಗ, ಆಗಾಗ ಜೊತೆಯಾಗುವ ಅಕ್ಕನ ಮಗ, ಇವರನ್ನೆಲ್ಲ ಕರೆದುಕೊಂಡು ಬೆಳಿಗ್ಗೆ ಹೋಗಿದ್ದೇನೆ, ಸಂಜೆ ಹೋಗಿದ್ದೇನೆ. ಅಲ್ಲೇ ಕೂತು ತಿಂದಿದ್ದೇವೆ, ಡಬ್ಬಿ ಕಟ್ಟಿಸಿಕೊಂಡೂ ಬಂದಿದ್ದೇವೆ. ತಲೆಗೊಂದು ಕೊಡಿಸಿ ನೋಡಿದ್ದೇನೆ, ಹಂಚಿಕೊಟ್ಟೂ ನೋಡಿದ್ದೇನೆ. ಒಂದು ಮಾತು ನನಗೆ ಖಚಿತವಾಗಿದೆ: ಇಂಥ ಅಂಗಡಿಯಲ್ಲಿ ಮಕ್ಕಳಿಗೆ ಮೊದಲು ಬೇಕಿರುವುದು ನೋಡುವುದು ಮತ್ತು ಆರಿಸುವುದು. ತಿನ್ನುವುದು ಆಮೇಲೆ. ಯಾವ ರೀತಿ ಮೇಲು ಎಂದು ಈ ಲೆಕ್ಕದಲ್ಲೇ ತೂಗಿದ್ದೇನೆ.

ಬೆಳಿಗ್ಗೆಯೋ ಸಂಜೆಯೋ ಎಂದರೆ ನನ್ನ ಮತ ಬೆಳಗಿಗೆ. ಬೆಳಿಗ್ಗೆ ತಟ್ಟೆಗಳು ತುಂಬಿರುತ್ತವೆ, ಗಾಜಿನ ಆಚೆ ಕರಿಯುವ ಕೆಲಸ ಇನ್ನೂ ನಡೆದಿರುತ್ತದೆ. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನ ಬಳೆಗಳನ್ನು ಸುಮಾರು 180ರಿಂದ 190 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಗೆ ಬಿಡುತ್ತಾರೆ. ಅವು ಮುಳುಗದೆ ತೇಲುತ್ತವೆ. ಒಂದು ನಿಮಿಷದ ಆಸುಪಾಸಿನಲ್ಲಿ ಕೆಳಗಿನ ಮೈ ಕೆಂಪಾದಾಗ ಕೋಲಿನಿಂದ ಮಗುಚುತ್ತಾರೆ. ತೇಲುವಾಗ ನಡುಭಾಗ ಎಣ್ಣೆಯ ಮಟ್ಟಕ್ಕಿಂತ ಮೇಲೇ ಉಳಿಯುವುದರಿಂದ ಸೊಂಟದ ಸುತ್ತ ಒಂದು ಬಿಳಿಚಿದ ಪಟ್ಟಿ ಉಳಿದುಬಿಡುತ್ತದೆ. ಹಿಟ್ಟು ಹದವಾಗಿ ಉಬ್ಬಿತ್ತು ಎನ್ನುವುದಕ್ಕೆ ಬಲ್ಲವರು ನೋಡುವ ಗುರುತು ಅದು. ಇದನ್ನು ಒಮ್ಮೆ ತೋರಿಸಿಕೊಟ್ಟ ಮೇಲೆ ಮಗಳು ಪ್ರತಿ ಸಲವೂ ಡೋನಟ್ ಎತ್ತಿ ಹಿಡಿದು ಮೊದಲು ಸೊಂಟ ನೋಡುತ್ತಾಳೆ. ಸಂಜೆ ಹೋದರೆ ಸಾಲು ಚಿಕ್ಕದಿರುತ್ತದೆ ನಿಜ, ಆದರೆ ಮಕ್ಕಳು ದಾರಿಯುದ್ದಕ್ಕೂ ಹೆಸರು ಹೇಳಿಕೊಂಡು ಬಂದ ಕಣ್ಣು-ಕೊಂಬಿನವು ಅಷ್ಟು ಹೊತ್ತಿಗೆ ಖಾಲಿ. ಒಂದೊಂದಕ್ಕೂ ಕೈಯಲ್ಲೇ ಮುಖ ಬರೆಯಬೇಕಾದ್ದರಿಂದ ಅಂಥವನ್ನು ಹೆಚ್ಚು ಮಾಡುವುದಿಲ್ಲ. ಉಳಿದವೂ ಬೆಳಗಿನ ಮೃದುತನ ಕಳೆದುಕೊಂಡಿರುತ್ತವೆ. ಬರೀ ಸಾಲಿಗೆ ಹೆದರಿ ಸಂಜೆ ಹೋಗಬೇಡಿ.

ಸಾಲಿನಲ್ಲಿ ನಿಂತಾಗ ಮಾತು ಹೇಗೂ ತೂತಿನ ಕಡೆಗೇ ಹೊರಳುತ್ತದೆ. "ಅಮ್ಮಾ, ಇದಕ್ಕೆ ಯಾಕೆ ತೂತು?" ಹ್ಯಾನ್ಸನ್ ಗ್ರೆಗರಿ ಎಂಬ ಅಮೆರಿಕದ ನಾವಿಕ, 1847ರಲ್ಲಿ ಹಡಗಿನ ಮೇಲೆ ತಾನೇ ಮೊದಲು ತೂತು ಮಾಡಿದ್ದು ಎಂದು ಮುದಿವಯಸ್ಸಿನಲ್ಲಿ ಹೇಳಿಕೊಂಡಿದ್ದ. ಅಂಚು ಗರಿಗರಿಯಾದರೂ ನಡುವೆ ಹಿಟ್ಟು ಹಸಿಯಾಗೇ ಉಳಿಯುತ್ತಿದ್ದದ್ದು ಅವನ ದೂರು. ಇದನ್ನು ಹೇಳಿದರೆ ಮಕ್ಕಳು ಗಾಜಿನೊಳಗೆ ತೂತಿಲ್ಲದವನ್ನು ಹುಡುಕಲು ಶುರುಮಾಡುತ್ತಾರೆ. "ಹಾಗಾದರೆ ಜ್ಯಾಮಿನದು ಒಳಗೆ ಬೇಯೋದು ಹೇಗೆ?" ಎಂದು ಅಕ್ಕನ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಅದನ್ನು ಸ್ವಲ್ಪ ಚಪ್ಪಟೆಯಾಗಿ ಮಾಡಿ, ಪೂರ್ತಿ ಕರಿದು, ಆಮೇಲೆ ಪಕ್ಕದಿಂದ ಕೊಳವೆ ಚುಚ್ಚಿ ಜ್ಯಾಮ್ ತುಂಬುತ್ತಾರೆ.

ತಲೆಗೊಂದೋ, ಹಂಚಿಕೊಂಡೋ? ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇಲ್ಲೇ. ತಲೆಗೊಂದು ಎಂದರೆ ಜಗಳವಿಲ್ಲ, ಆರಿಸುವ ಸಂತೋಷ ಪೂರ್ತಿ. ಆದರೆ ತಿನ್ನುವಾಗ ನೋಡಿ: ಮಗ ಮೊದಲು ಎರಡು ಕಣ್ಣು ಕಿತ್ತು ತಿಂದ, ಆಮೇಲೆ ನೀಲಿ ಐಸಿಂಗನ್ನು ಹಲ್ಲಿನಿಂದ ಕೆರೆದ, ಬೋಳಾದ ಬ್ರೆಡ್ಡನ್ನು ನನ್ನ ಮುಂದೆ ತಳ್ಳಿದ. ಹಂಚಿಕೊಳ್ಳುವ ದಾರಿಯಲ್ಲಿ ನಾಲ್ಕಾರು ಬಗೆಯ ರುಚಿ ಸಿಗುತ್ತದೆ, ಉಳಿಯುವುದು ಕಡಿಮೆ, ಹೊಟ್ಟೆಗೂ ಹಿತ. ಆದರೆ ಮುಖವಿರುವ ಡೋನಟ್ಟಿಗೆ ಚಾಕು ಹಾಕುವುದು ಕಷ್ಟ. ನಡು ಮೂಗಿಗೆ ಚಾಕು ಇಟ್ಟಾಗ ಮಗ, "ಬೇಡ, ಅದಕ್ಕೆ ನೋವಾಗುತ್ತೆ!" ಎಂದು ನನ್ನ ಕೈ ಹಿಡಿದುಕೊಂಡ. ಅವನು ನಿಜವಾಗಿಯೇ ಮರುಗಿದ್ದ. ಹಾಗಾಗಿ ಎರಡನ್ನೂ ಬೆರೆಸುವುದು ನನಗೆ ಎಲ್ಲಕ್ಕಿಂತ ಸರಿ ಎನಿಸಿದೆ. ಮುಖವಿರುವುದು ಮಕ್ಕಳೆಲ್ಲರೂ ಸೇರಿ ಒಪ್ಪಿದ ಒಂದೇ ಒಂದು. ಅದನ್ನು ಕತ್ತರಿಸುವುದಿಲ್ಲ, ಸರದಿಯ ಮೇಲೆ ಕಚ್ಚುತ್ತಾರೆ. ಅದರ ಜೊತೆಗೆ ಬಗೆಬಗೆಯ ಬಳೆ ಡೋನಟ್ ತಗೊಂಡು ನಾಲ್ಕು ನಾಲ್ಕು ತುಂಡು ಮಾಡುತ್ತೇವೆ. ಆ ಬಳೆಗಳಲ್ಲಿ ಒಂದು ಕಡ್ಡಾಯವಾಗಿ ಬರೀ ಸಕ್ಕರೆ ಪಾಕ ಹೊದ್ದ ಸಾದಾ ಡೋನಟ್. ಯಾವ ಮಗುವೂ ಕೈ ತೋರಿಸಿ ಕೇಳದ ಆ ಸಾದಾ ಡೋನಟ್ಟೇ ಪ್ರತಿ ಸಲ ಮೊದಲು ಖಾಲಿಯಾಗುವುದು.

ತುಂಡು ಮಾಡುವವರು ಯಾವ ಜಾತಿಯದು ಎಂದು ನೋಡಿ ಕೊಳ್ಳಬೇಕು. ಯೀಸ್ಟ್ ಡೋನಟ್ ಹಗುರ, ಒಳಗೆಲ್ಲ ಗಾಳಿ. ಚಾಕು ಒತ್ತಿದರೆ ಅಪ್ಪಚ್ಚಿ. ಹಲ್ಲಿರುವ ಬ್ರೆಡ್ ಚಾಕುವನ್ನು ಮೆಲ್ಲಗೆ ಆಡಿಸಬೇಕು. ಬೇಕಿಂಗ್ ಪೌಡರ್ ಹಾಕಿದ ಕೇಕ್ ಡೋನಟ್ ಗಟ್ಟಿ, ನೀಟಾಗಿ ಕತ್ತರಿಸಲು ಬರುತ್ತದೆ, ಪುಟ್ಟ ಕೈಗೆ ಹಿಡಿಯಲೂ ಸುಲಭ. ಆದರೆ ಪುಡಿ ಉದುರುತ್ತದೆ, ಅರ್ಧಕ್ಕೇ ಹೊಟ್ಟೆ ತುಂಬುತ್ತದೆ. ರುಚಿಗೆ ನನ್ನ ಓಟು ಯೀಸ್ಟಿನದಕ್ಕೆ, ಐದರ ಒಳಗಿನ ಮಕ್ಕಳ ಕೈಗೆ ಕೇಕಿನದು. ಜ್ಯಾಮ್ ತುಂಬಿದ್ದನ್ನು ಚಿಕ್ಕವರಿಗೆ ಕೊಟ್ಟರೆ ಅಂಗಿ ಬದಲಾಯಿಸಲು ತಯಾರಿರಬೇಕು.

ಕೂತು ತಿನ್ನುವುದೋ, ಮನೆಗೆ ಒಯ್ಯುವುದೋ ಎಂದರೆ ಜಾಗ ಸಿಕ್ಕರೆ ಕೂತುಕೊಳ್ಳಿ. ಡಬ್ಬಿಯ ಸೆಕೆಗೆ ಪಾಕ ಕರಗಿ ಅಂಟಾಗುತ್ತದೆ, ಕೊಂಬು ವಾಲುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ ಬಿರುಸಾಗುತ್ತದೆ. ಆ ತಂಪಿನಲ್ಲಿ ಹಿಟ್ಟಿನ ಪಿಷ್ಟ ಬೇಗ ಹರಳುಗಟ್ಟುವುದೇ ಇದಕ್ಕೆ ಕಾರಣ. ಕೆನೆ ತುಂಬಿದ್ದಾದರೆ ಫ್ರಿಜ್ಜೇ ಬೇಕು. ಬೇರೆಯವನ್ನು ಮುಚ್ಚಿ ಹೊರಗಿಟ್ಟು ಅವತ್ತೇ ಮುಗಿಸುವುದು ಒಳ್ಳೆಯದು.

ಸಕ್ಕರೆ ತಿಂದರೆ ಮಕ್ಕಳು ಕುಣಿದಾಡುತ್ತಾರೆ ಎಂದು ಹೆದರುವ ಅಪ್ಪ-ಅಮ್ಮಂದಿರು ಬಹಳ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ 1995ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಅಂಗಡಿಯ ಗದ್ದಲ, ಬಣ್ಣ, ಜೊತೆಗಾರರು, ಇಷ್ಟೇ ಸಾಕು ಮಕ್ಕಳು ಕುಣಿಯಲು. ಹಾಗೆಂದು ಸಕ್ಕರೆಗೆ ಮಿತಿ ಬೇಡ ಎಂದಲ್ಲ. ಮಕ್ಕಳಿಗಾಗಲಿ ದೊಡ್ಡವರಿಗಾಗಲಿ, ದಿನದ ಕ್ಯಾಲರಿಯಲ್ಲಿ ಶೇ. 10ಕ್ಕಿಂತ ಕಡಿಮೆ ಮಾತ್ರ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದಂಥವುಗಳಿಂದ ಬರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಬಣ್ಣದ ವಿಷಯದಲ್ಲಿ ನಾನು ಇನ್ನೂ ಬಿಗಿ. ಕೆಲವು ಕೃತಕ ಬಣ್ಣಗಳಿದ್ದರೆ ಮಕ್ಕಳ ಗಮನ ಮತ್ತು ಚಟುವಟಿಕೆಯ ಮೇಲೆ ಪರಿಣಾಮ ಆಗಬಹುದೆಂದು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕೆಂಬ ನಿಯಮ ಯುರೋಪ್ ಒಕ್ಕೂಟದಲ್ಲಿ 2010ರಿಂದ ಇದೆ. ಹಾಗಾಗಿ ಗಾಢ ಕೆಂಪು, ಗಾಢ ಹಳದಿಯದು ಒಂದಿದ್ದರೆ ಇನ್ನೊಂದು ಚಾಕಲೇಟಿನದೋ ಸಾದಾ ಪಾಕದ್ದೋ ಇರಲಿ. ನಾಲ್ಕು ವರ್ಷ ತುಂಬದ ಮಕ್ಕಳಿದ್ದರೆ ಮೇಲೆ ಅಂಟಿಸಿದ ಗಟ್ಟಿ ಮಿಠಾಯಿ, ಇಡಿ ಬಾದಾಮಿ, ಕಡಲೆಬೀಜ ತೆಗೆದೇ ಕೊಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಕಡಲೆಬೀಜ ಒಗ್ಗದ ಮಗು ಜೊತೆಗಿದ್ದರೆ ತಟ್ಟೆ, ಇಕ್ಕಳ, ಎಣ್ಣೆ ಎಲ್ಲಕ್ಕೂ ಒಂದೇನಾ ಎಂದು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಇಂಥ ಅಂಗಡಿಗಳಲ್ಲಿ ಒಂದರ ಪುಡಿ ಇನ್ನೊಂದರ ಮೇಲೆ ಬೀಳದೆ ಇರುವುದು ಅಪರೂಪ.

ಮೊದಲೇ ಫೋನಿನಲ್ಲಿ ಆರ್ಡರ್ ಮಾಡಿ ಹೋಗುವ ದಾರಿಯೂ ಇದೆ. ಸಾಲಿಲ್ಲ, ಗೊಂದಲವಿಲ್ಲ, ಹೆಸರು ಹೇಳಿದರೆ ಡಬ್ಬಿ ಕೈಗೆ. ನಿಲ್ಲಲಾಗದ ಕಂಕುಳ ಕೂಸಿದ್ದರೆ ಅದೇ ಮೇಲು. ಐದು ದಾಟಿದ ಮಕ್ಕಳಾದರೆ ನನಗೆ ಒಪ್ಪಿಗೆಯಿಲ್ಲ. ಗಾಜಿಗೆ ಮೂಗು ಒತ್ತಿ, "ಅದು ಬೇಡ, ಆ ಕೊಂಬಿನದು, ಅಲ್ಲಲ್ಲ, ಅದರ ಪಕ್ಕದ್ದು" ಎಂದು ಮೂವರೂ ಚರ್ಚಿಸುವ ಆ ಹತ್ತು ನಿಮಿಷ ಅದರಲ್ಲಿ ಸಿಗುವುದಿಲ್ಲ.