ಕಾರಿಗೆ ಅಗ್ಗ, ಮನೆಗೆ ದುಬಾರಿ: ಇವಿ ಚಾರ್ಜಿಂಗ್ ದರ ಯೋಜನೆಗಳ ವಿಮರ್ಶೆ

ಇವಿ (ವಿದ್ಯುತ್ ವಾಹನ) ಮಾಲೀಕರಿಗೆಂದೇ ಬರುವ ದರ ಯೋಜನೆಗಳ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ರಾತ್ರಿಯ ದರ. ಬಿಲ್ಲಿನ ಹಣೆಬರಹ ಬರೆಯುವುದು ಮಾತ್ರ ಸಂಜೆಯ ದರ. ದಿನದ ಹೊತ್ತಿಗೆ ತಕ್ಕಂತೆ ಬದಲಾಗುವ ಸಮಯಾಧಾರಿತ ದರಕ್ಕೆ ಹೋದರೆ ಅದು ಕಾರಿಗಷ್ಟೇ ಅಲ್ಲ, ಅದೇ ಮೀಟರಿನ ಹಿಂದಿರುವ ಒಲೆ, ಗೀಸರ್, ಎಸಿ ಎಲ್ಲಕ್ಕೂ ಅನ್ವಯ. ಯೋಜನೆಯನ್ನು ಅಳೆಯಬೇಕಾದದ್ದು ಕಾರಿನಿಂದಲ್ಲ, ಮನೆಯಿಂದ.

ದಿನಕ್ಕೆ 40 ಕಿ.ಮೀ. ಓಡುವ ಕಾರು ಕಿ.ಮೀ.ಗೆ 150 ವ್ಯಾಟ್-ಅವರ್ ಲೆಕ್ಕದಲ್ಲಿ ತಿಂಗಳಿಗೆ 180 ಯೂನಿಟ್ ತಿನ್ನುತ್ತದೆ. ಚಾರ್ಜಿಂಗ್ ನಷ್ಟ ಸೇರಿದರೆ ಮೀಟರಿನಲ್ಲಿ ಸುಮಾರು 210. ಕಾರಿನ ಪರದೆಯ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿದವರಿಗೆ ಬಿಲ್ಲು ಯಾವಾಗಲೂ ಒಂದು ಹಿಡಿ ಜಾಸ್ತಿಯೇ ಬರುತ್ತದೆ.

ಇನ್ನು ಏಕದರವನ್ನು, ಅಂದರೆ ಎಲ್ಲ ಹೊತ್ತಿಗೂ ಒಂದೇ ಆಗಿರುವ ಯೂನಿಟ್ ದರವನ್ನು, 100 ಎಂದಿಟ್ಟುಕೊಳ್ಳೋಣ (ರೂಪಾಯಿಯಲ್ಲ, ಹೋಲಿಕೆಗಷ್ಟೇ). ಸಮಯಾಧಾರಿತ ಯೋಜನೆಯಲ್ಲಿ ರಾತ್ರಿ 60, ಹಗಲು 100, ಸಂಜೆ 150. ಮನೆಯ ಬಳಕೆ 300 ಯೂನಿಟ್: ಸಂಜೆ 90, ಹಗಲು 150, ರಾತ್ರಿ 60. ಏಕದರದಲ್ಲಿ 30,000 ಆಗುತ್ತಿದ್ದ ಮನೆಯ ಖರ್ಚು ಈಗ 32,100. ಅಂದರೆ ಕಾರು ಪ್ಲಗ್ ಆಗುವ ಮೊದಲೇ 2,100 ನಷ್ಟ. ಕಾರಿನ ಪ್ರತಿ ಯೂನಿಟ್ಟಿಗೆ ರಾತ್ರಿ ಉಳಿಯುವುದು 40. ನಷ್ಟ ತುಂಬಲು ಸುಮಾರು 53 ಯೂನಿಟ್ ಬೇಕು. 210 ಯೂನಿಟ್ಟಿನ ಕಾರು ಅದನ್ನು ಸಲೀಸಾಗಿ ದಾಟಿ 6,300 ಉಳಿಸಿಕೊಡುತ್ತದೆ. ತಿಂಗಳಿಗೆ 30 ಯೂನಿಟ್ ಸಾಕಾಗುವ ಸ್ಕೂಟರ್ ದಾಟುವುದೇ ಇಲ್ಲ. ಸ್ಕೂಟರ್ ಒಂದೇ ಇದ್ದರೆ ಹಳೆಯ ಯೋಜನೆಯಲ್ಲೇ ಇರುವುದು ಜಾಣತನ.

ಮರೆವಿನ ಬೆಲೆಯೂ ಇದೇ ಲೆಕ್ಕದಲ್ಲಿದೆ. ಒಂದು ದಿನದ 7 ಯೂನಿಟ್ ರಾತ್ರಿಯ ಬದಲು ಸಂಜೆ ತುಂಬಿದರೆ 630 ಹೆಚ್ಚು. ಹತ್ತು ಸಲ ಹೀಗಾದರೆ ತಿಂಗಳ ಉಳಿತಾಯವೆಲ್ಲ ಸೊನ್ನೆ. ನಿಮ್ಮ ದರಪಟ್ಟಿಯ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿ. ಸ್ಮಾರ್ಟ್ ಮೀಟರ್ ಇದ್ದರೆ ಗಂಟೆವಾರು ಬಳಕೆಯ ದಾಖಲೆ ಸಿಗುತ್ತದೆ, ಊಹಿಸುವ ಗೋಜಿಲ್ಲ. ಬೇಸಿಗೆಯದೊಂದು, ಚಳಿಗಾಲದ್ದೊಂದು ತಿಂಗಳು ತೆಗೆದುಕೊಳ್ಳಿ.

ಬಳಕೆ ಏರಿದಂತೆ ಯೂನಿಟ್ ದರವೂ ಏರುವ ಸ್ಲ್ಯಾಬ್ ದರದಲ್ಲಿ ಬೇರೆಯದೇ ಬಲೆ. ಕಾರಿನ ಯೂನಿಟ್ಟುಗಳು ಮನೆಯ ಬಳಕೆಯ ಮೇಲೆ ಬಂದು ಕೂರುವುದರಿಂದ ಅವಕ್ಕೆ ಬೀಳುವುದು ಮೇಲಿನ ಸ್ಲ್ಯಾಬಿನ ದರ. ಬಿಲ್ಲಿನ ಸರಾಸರಿ ದರ ನೋಡಿ ಇವಿ ಖರ್ಚು ಅಂದಾಜಿಸಿದರೆ ತಪ್ಪುತ್ತದೆ. ಇಂಥ ಕಡೆ ಇವಿಗೆ ಪ್ರತ್ಯೇಕ ಮೀಟರ್ ನಿಜಕ್ಕೂ ಒಳ್ಳೆಯ ಆಯ್ಕೆ: ಮನೆ ತನ್ನ ಸ್ಲ್ಯಾಬಿನಲ್ಲೇ ಉಳಿಯುತ್ತದೆ, ಸಂಜೆಯ ಅಡುಗೆಗೆ ದಂಡ ಬೀಳುವುದಿಲ್ಲ. ಆದರೆ ಎರಡನೇ ಮೀಟರಿಗೆ ಅಳವಡಿಕೆ ವೆಚ್ಚವಿದೆ, ಕಾರು ಓಡದ ತಿಂಗಳೂ ನಿಗದಿತ ಶುಲ್ಕವಿದೆ. ವರ್ಷದ ನಿಗದಿತ ಶುಲ್ಕವನ್ನು ಪ್ರತಿ ಯೂನಿಟ್ಟಿನ ಉಳಿತಾಯದಿಂದ ಭಾಗಿಸಿ. ಬಂದ ಅಂಕಿಗಿಂತ ನಿಮ್ಮ ಇವಿಯ ವಾರ್ಷಿಕ ಬಳಕೆ ಬಹಳ ಹೆಚ್ಚಿಲ್ಲದಿದ್ದರೆ ಬೇಡ.

ಬೇಡಿಕೆ ಶುಲ್ಕವಿರುವ ಯೋಜನೆ ಶಿಸ್ತಿನವರಿಗೆ ಮಾತ್ರ. ಇಲ್ಲಿ ತಿಂಗಳ ಅತಿ ಹೆಚ್ಚು ಹೊರೆಯ 15 ಅಥವಾ 30 ನಿಮಿಷಗಳ ಸರಾಸರಿಗೆ ಹಣ. 7.4 ಕಿಲೋವ್ಯಾಟ್ ಚಾರ್ಜರ್ ಓಡುವಾಗ ಯಾರೋ ಗೀಸರ್ ಹಾಕಿದರೆ ಆ ಅರ್ಧ ಗಂಟೆಯೇ ಇಡೀ ತಿಂಗಳಿನ ಶುಲ್ಕ ನಿಗದಿ ಮಾಡುತ್ತದೆ. ಗಂಟೆಗೊಮ್ಮೆ ಬದಲಾಗುವ ಮಾರುಕಟ್ಟೆ ದರವೂ ಹಾಗೆಯೇ. ಚಾರ್ಜರ್ ತಾನೇ ದರ ಓದಿ ಓಡುವುದಾದರೆ ಸರಿ, ದಿನಾ ಫೋನ್ ನೋಡಿ ನಿರ್ಧರಿಸುವ ಉತ್ಸಾಹ ಹೆಚ್ಚು ದಿನ ಬಾಳುವುದಿಲ್ಲ. ಚಾವಣಿ ಸೋಲಾರ್ ಇರುವವರಿಗೆ ಒಂದೇ ಪ್ರಶ್ನೆ: ಗ್ರಿಡ್ಡಿಗೆ ಕೊಟ್ಟ ಯೂನಿಟ್ಟಿಗೆ ಸಿಗುವ ದರ ರಾತ್ರಿಯ ದರಕ್ಕಿಂತ ಕಡಿಮೆಯೇ? ಹಾಗಿದ್ದರೆ ಮಧ್ಯಾಹ್ನವೇ ಚಾರ್ಜ್ ಮಾಡಿ.

ದೊಡ್ಡ ಚಾರ್ಜರಿಗಾಗಿ ಮಂಜೂರಾದ ಲೋಡ್ (ಮನೆಗೆ ಅನುಮತಿಸಿರುವ ವಿದ್ಯುತ್ ಹೊರೆ) ಏರಿಸುವುದು ಬಹಳಷ್ಟು ಮನೆಗಳಲ್ಲಿ ವ್ಯರ್ಥ ಖರ್ಚು. ದಿನದ 7 ಯೂನಿಟ್ಟಿಗೆ 3.3 ಕಿಲೋವ್ಯಾಟ್ ಸಾಕು, ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಹಾಗೆಂದು 6 ಆಂಪಿಯರಿಗೆ, ಅಂದರೆ ಸುಮಾರು 1.4 ಕಿಲೋವ್ಯಾಟಿಗೆ, ಇಳಿಸಲೂ ಬೇಡಿ. ಚಾರ್ಜಿಂಗ್ ನಡೆಯುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಪಂಪುಗಳು ಎಚ್ಚರವಾಗಿರುತ್ತವೆ. ಅವಕ್ಕೆ 250 ವ್ಯಾಟ್ ಬೇಕಾದರೆ 1.4 ಕಿಲೋವ್ಯಾಟಿನಲ್ಲಿ ಅದು ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು, 3.3ರಲ್ಲಿ ಹದಿಮೂರರಲ್ಲಿ ಒಂದು. 10ರಿಂದ 16 ಆಂಪಿಯರ್ ಹದವಾದ ಜಾಗ.

ಯೋಜನೆ ಸರಿಯಿದ್ದೂ ಬಿಲ್ಲು ಕೆಡುವುದು ಸಾಮಾನ್ಯವಾಗಿ ಟೈಮರಿನಿಂದ. ವೇಳಾಪಟ್ಟಿಯನ್ನು ಕಾರಿನಲ್ಲಿ ಇಲ್ಲವೇ ಚಾರ್ಜರಿನಲ್ಲಿ, ಒಂದೇ ಕಡೆ ಇಡಿ. ಎರಡರಲ್ಲೂ ಇಟ್ಟರೆ ಕಾರು ಕೇಳಿದಾಗ ಚಾರ್ಜರ್ ಕೊಡುವುದಿಲ್ಲ, ಚಾರ್ಜರ್ ಕೊಡುವ ಹೊತ್ತಿಗೆ ಕಾರು ನಿದ್ದೆಗೆ ಜಾರಿರುತ್ತದೆ. ಕೆಲವು ಚಾರ್ಜರುಗಳು ಕರೆಂಟು ಹೋಗಿ ಬಂದ ತಕ್ಷಣ ವೇಳಾಪಟ್ಟಿ ಮರೆತು ಚಾರ್ಜಿಂಗ್ ಶುರುಮಾಡುತ್ತವೆ. ಕೊಂಡ ದಿನವೇ ಎಂಸಿಬಿ (ಸರ್ಕ್ಯೂಟ್ ಕಡಿಯುವ ಸುರಕ್ಷತಾ ಸ್ವಿಚ್) ಇಳಿಸಿ, ಏರಿಸಿ ಪರೀಕ್ಷಿಸಿ. ‘ಹೊರಡುವ ಹೊತ್ತಿಗೆ ಸಿದ್ಧ’ ಎಂಬ ಆಯ್ಕೆ ಕೆಲವು ಕಾರುಗಳಲ್ಲಿ ಅಗ್ಗದ ಅವಧಿಯನ್ನು ಲೆಕ್ಕಿಸದೆ ಬೆಳಗಿನ ದುಬಾರಿ ಗಂಟೆಯಲ್ಲಿ ಕೊನೆಯ ಯೂನಿಟ್ಟುಗಳನ್ನು ತುಂಬುತ್ತದೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಟೈಮರ್ ಬೇಡವೇ ಬೇಡ: ಗಂಟೆಗಟ್ಟಲೆ 16 ಆಂಪಿಯರ್ ಹರಿದರೆ ಒಳಗಿನ ಸಂಪರ್ಕ ಬಿಂದುಗಳು ಕಾದು ಅಂಟಿಕೊಳ್ಳುತ್ತವೆ, ಆಮೇಲೆ ಅದು ಆಫ್ ಆಗುವುದಿಲ್ಲ.

ಅಗ್ಗದ ಅವಧಿ ಶುರುವಾದ ಕೂಡಲೇ ಅಲ್ಲ, 10 ನಿಮಿಷ ಬಿಟ್ಟು ಚಾರ್ಜಿಂಗ್ ಆರಂಭವಾಗುವಂತೆ ಇಡಿ. ಮೀಟರಿನ ಗಡಿಯಾರವೂ ಕಾರಿನ ಗಡಿಯಾರವೂ ನಿಮಿಷಕ್ಕೆ ನಿಮಿಷ ಹೊಂದಬೇಕೆಂದಿಲ್ಲ, ಬಿಲ್ಲು ನಡೆಯುವುದು ಮೀಟರಿನದರ ಮೇಲೆ. ಬದಲಾದ ಮೊದಲ ವಾರ ದಿನಾ ಬೆಳಿಗ್ಗೆ ಮೀಟರಿನ ಬಟನ್ ಒತ್ತಿ ಅವಧಿವಾರು ಅಂಕಿ ಬರೆದಿಟ್ಟುಕೊಳ್ಳಿ. ರಾತ್ರಿಯ ಅಂಕಿ ದಿನಕ್ಕೆ ಕಾರಿನ 7 ಯೂನಿಟ್ಟಿಗಿಂತ ಕಡಿಮೆ ಏರುತ್ತಿದ್ದರೆ ಟೈಮರ್ ತಪ್ಪಿದೆ, ಇಲ್ಲವೇ ಮೀಟರಿಗೆ ಹೊಸ ಯೋಜನೆ ಇನ್ನೂ ಹತ್ತಿಲ್ಲ.